ನನ್ನ ಓರಗಿತ್ತಿ ಮಾಡುವ ಕೆಲಸ

ಮೈದುನನ ಮದುವೆ ಗೊತ್ತಾದಾಗ "ಹುಡುಗಿ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಡಾಕ್ಟರೇಟ್ ಮಾಡಿದ್ದಾಳಂತೆ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದವಳು ನಾನೇ. ಮದುವೆಯಾಗಿ ತಿಂಗಳು ತುಂಬಿರಲಿಲ್ಲ, ಎದುರುಮನೆಯಾಕೆ ಚೀಲ ಹಿಡಿದುಕೊಂಡು ಬಂದರು. "ನಿಮ್ಮ ಓರಗಿತ್ತೀನ ಸ್ವಲ್ಪ ಕೇಳ್ರೀ, ಗೊಬ್ಬರ ಹಾಕದ ಸೊಪ್ಪು ಎಲ್ಲಿ ಸಿಗುತ್ತೆ ಅಂತ." ನಗಬೇಡಿ. ಆರ್ಗ್ಯಾನಿಕ್ ಎಂದರೆ ಸಾವಯವ, ಸಾವಯವ ಎಂದರೆ ತರಕಾರಿ. ಅವರ ಲೆಕ್ಕ ಅವರಿಗೆ ಸರಿ!

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ವಿಜ್ಞಾನದ ಮೇಷ್ಟ್ರು "ಇಂಗಾಲಕ್ಕೆ ನಾಲ್ಕು ಕೈ" ಎಂದು ಬೋರ್ಡಿನ ಮೇಲೆ ಬರೆದದ್ದೊಂದು ನೆನಪಿದೆ. ನನ್ನ ಓರಗಿತ್ತಿಯ ಇಡೀ ಕೆಲಸ ಆ ನಾಲ್ಕು ಕೈಯ ಮೇಲೆ ನಿಂತಿದೆ ಎಂದು ಈಗ ತಿಳಿದಿದೆ. ಒಂದು ಇಂಗಾಲ ಇನ್ನೊಂದರ ಕೈ ಹಿಡಿದು, ಅದು ಮತ್ತೊಂದರದ್ದು ಹಿಡಿದು, ನಡುವೆ ಆಮ್ಲಜನಕ, ಸಾರಜನಕಗಳನ್ನು ಸೇರಿಸಿಕೊಂಡು ಸರ, ಉಂಗುರ, ಹೆಣಿಗೆ ಎಲ್ಲ ಆಗುತ್ತದೆ. ಸಕ್ಕರೆಯೂ ಅದೇ, ಅರಿಸಿನದ ಬಣ್ಣವೂ ಅದೇ, ತಲೆನೋವಿನ ಮಾತ್ರೆಯೂ ಅದೇ. ಇಂಥವು ಜೀವ ಇರುವ ಶರೀರದಲ್ಲಿ ಮಾತ್ರ ಆಗುತ್ತವೆ ಎಂದು ಹಿಂದೆ ನಂಬಿದ್ದರಂತೆ. 1828ರಲ್ಲಿ ಜರ್ಮನಿಯ ವೋಲರ್ ಎಂಬಾತ ಮೂತ್ರದಲ್ಲಿರುವ ಯೂರಿಯಾವನ್ನು ಗಾಜಿನ ಪಾತ್ರೆಯಲ್ಲೇ ಮಾಡಿ ತೋರಿಸಿದ. ಅಲ್ಲಿಂದ ಹಿಡಿದು ಇವತ್ತಿನವರೆಗೆ ಈ ಜನ ಸಣ್ಣ ಸಣ್ಣ ತುಂಡುಗಳನ್ನು ಜೋಡಿಸಿ ದೊಡ್ಡದನ್ನು ಕಟ್ಟುತ್ತಲೇ ಇದ್ದಾರೆ. ಇದಕ್ಕೇ ಸಿಂಥೆಸಿಸ್ ಎನ್ನುತ್ತಾರೆ.

ಅವಳು ಪುತ್ತೂರಿನ ಕಡೆಯ ಹುಡುಗಿ. ಮಂಗಳಗಂಗೋತ್ರಿಯಲ್ಲಿ ಎಂ.ಎಸ್ಸಿ. ಮಾಡಿ, ಪಿಎಚ್.ಡಿ. ಮುಗಿಸಿ, ಹೊಸೂರು ರಸ್ತೆಯ ಕಡೆ ಒಂದು ಕಂಪನಿಯಲ್ಲಿ ರಿಸರ್ಚ್ ಕೆಮಿಸ್ಟ್ ಆಗಿದ್ದಾಳೆ. ಬೆಳಿಗ್ಗೆ ಏಳೂಕಾಲಿಗೆ ಕಂಪನಿ ಬಸ್ಸು. ಸಂಜೆ ಬರುವುದು ಇಷ್ಟೇ ಹೊತ್ತಿಗೆ ಎಂದಿಲ್ಲ.

ಮನೆಯಲ್ಲಿ ಮೊದಲ ಜಗಳ ಎದ್ದದ್ದು ವಾಸನೆಗೆ. ಒಂದು ಸಂಜೆ ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳೋ ಇಲ್ಲವೋ, ದೇವರ ಮುಂದೆ ಕೂತಿದ್ದ ನಮ್ಮತ್ತೆ ಮೂಗು ಮುಚ್ಚಿಕೊಂಡರು. ಅವಳು ಬಚ್ಚಲಿಗೆ ಹೋಗುವುದನ್ನೇ ಕಾದಿದ್ದು ನನ್ನನ್ನು ಕರೆದು, "ಮೀನು ಕೊಳೆತ ಹಾಗೆ ನಾರ್ತಾಳಲ್ಲೇ, ಕ್ಯಾಂಟೀನಿನಲ್ಲಿ ಏನು ತಿನ್ನುತ್ತಾಳೋ ಏನೋ!" ಎಂದರು. ತಿಂದದ್ದೇನೂ ಅಲ್ಲ, ಅದು ಪಿರಿಡೀನ್ ಎಂಬ ದ್ರವ. ಮುಚ್ಚಳ ತೆಗೆದರೆ ಸಾಕು, ಕೂದಲಿಗೆ ಹತ್ತಿಕೊಂಡು ಬಿಡುತ್ತದಂತೆ. ಇನ್ನು ಕೆಲವು ದಿನ ಉಗುರುಬಣ್ಣ ತೆಗೆಯುವ ನೀರಿನ ವಾಸನೆ ಬರುತ್ತಿತ್ತು. ಅದು ಈಥೈಲ್ ಅಸಿಟೇಟ್. ವಾಸನೆಯಲ್ಲೇ ಅವಳ ದಿನಚರಿ ಹೇಳುವಷ್ಟು ನಾನು ಪಳಗಿದೆ ಎನ್ನಿ.

"ನಿಂದೂ ಒಂದು ಅಡುಗೆಮನೇನೇ ಅಲ್ವೇನೆ?" ಎಂದು ಒಮ್ಮೆ ಕೇಳಿದೆ.

"ಎಲ್ಲರೂ ಹಾಗೇ ಅಂತಾರೆ ಅಕ್ಕ. ಆದರೆ ನೀವು ಸಾರಿಗೆ ಉಪ್ಪು ಸಾಲದು ಅಂದರೆ ಬೆರಳಲ್ಲಿ ನೆಕ್ಕಿ ನೋಡ್ತೀರಿ. ನಾನು ನೋಡುವ ಹಾಗಿಲ್ಲ, ಮೂಸುವ ಹಾಗೂ ಇಲ್ಲ. ಒಳಗೆ ಏನಾಗ್ತಿದೆ ಅಂತ ಕಣ್ಣಿಗೆ ಕಾಣೋದೂ ಇಲ್ಲ," ಎಂದಳು.

ಹಾಗಾದರೆ ತಿಳಿಯುವುದು ಹೇಗೆ? ಮಕ್ಕಳು ಶಾಲೆಯಲ್ಲಿ ಸೀಮೆಸುಣ್ಣಕ್ಕೆ ಶಾಯಿಯ ಚುಕ್ಕಿ ಇಟ್ಟು ನೀರಲ್ಲಿ ನಿಲ್ಲಿಸುತ್ತಾರಲ್ಲ, ನೀರು ಏರಿದಂತೆ ಬಣ್ಣಗಳು ಬೇರೆ ಬೇರೆಯಾಗುತ್ತವಲ್ಲ, ಅದೇ ಉಪಾಯ. ಇವರದು ಸಿಲಿಕಾ ಬಳಿದ ಪುಟ್ಟ ಪಟ್ಟಿ, ಟಿ.ಎಲ್.ಸಿ. ಎನ್ನುತ್ತಾರೆ. ಫ್ಲಾಸ್ಕಿನಿಂದ ಕೂದಲೆಳೆಯಂಥ ಕೊಳವೆಯಲ್ಲಿ ಒಂದು ಚುಕ್ಕಿ ತೆಗೆದು ಪಟ್ಟಿಯ ಮೇಲಿಟ್ಟು, ದ್ರವದಲ್ಲಿ ನಿಲ್ಲಿಸಿ, ಮೇಲೇರಿದ ಮೇಲೆ ಅಯೋಡಿನ್ ಹೊಗೆಯಲ್ಲಿಟ್ಟರೆ ಕಂದು ಚುಕ್ಕಿಗಳು ಮೂಡುತ್ತವೆ. ಹಾಕಿದ ಸಾಮಾನಿನ ಚುಕ್ಕಿ ಮಾಯವಾಗಿ ಹೊಸ ಚುಕ್ಕಿ ಬಂದರೆ ಕೆಲಸ ಆಯಿತು. ಎರಡೂ ಇದ್ದರೆ ಇನ್ನೂ ಬೇಯಬೇಕು. ಏಳು ಚುಕ್ಕಿ ಬಂದರೆ, "ಅವತ್ತು ನನ್ನನ್ನು ಮಾತಾಡಿಸಬೇಡಿ," ಎನ್ನುತ್ತಾಳೆ.

ಇದೆಲ್ಲ ನಡೆಯುವುದು ಫ್ಯೂಮ್ ಹುಡ್ ಎಂಬ ಗಾಜಿನ ಬಾಗಿಲಿನ ಗೂಡಿನೊಳಗೆ. ನಮ್ಮ ಅಡುಗೆಮನೆಯ ಚಿಮಣಿಯ ದೊಡ್ಡಣ್ಣ. ವಿಷದ ಗಾಳಿಯನ್ನೆಲ್ಲ ಮೇಲಕ್ಕೆಳೆದು ಹೊರಗೆ ಹಾಕುತ್ತದೆ. ಫ್ಲಾಸ್ಕಿನ ಬಾಯಿಗೆ ಸಾರಜನಕ ತುಂಬಿದ ಬಲೂನು ಕಟ್ಟುತ್ತಾರಂತೆ, ಹುಟ್ಟುಹಬ್ಬಕ್ಕೆ ಕಟ್ಟುವಂಥದೇ! ಹೊರಗಿನ ಗಾಳಿ, ತೇವ ಒಳಗೆ ಸೇರದಿರಲಿ ಎಂದು. ನನ್ನ ಮಗನಿಗೆ ಅವನ ಚಿಕ್ಕಮ್ಮನ ಕೆಲಸದಲ್ಲಿ ಹಿಡಿಸಿದ್ದು ಅದೊಂದೇ.

ಕೆಲಸ ಆದ ಮೇಲೆ ಇನ್ನೊಂದು ಪುರಾಣ ಶುರು. ನೀರು ಹಾಕಿ ಕುಲುಕಿ, ಎಣ್ಣೆ-ನೀರಿನಂತೆ ಬೇರೆಯಾದ ಪದರಗಳನ್ನು ಇಳಿಸಿ, ದ್ರವವನ್ನು ಆವಿ ಮಾಡಿ ತೆಗೆದು, ಉಳಿದ ಅಂಟನ್ನು ಮರಳಿನಂಥ ಸಿಲಿಕಾ ತುಂಬಿದ ಉದ್ದ ಗಾಜಿನ ಕೊಳವೆಯ ಮೂಲಕ ಹನಿಹನಿಯಾಗಿ ಇಳಿಸಬೇಕು. ಅರವತ್ತು ಎಪ್ಪತ್ತು ಟೆಸ್ಟ್‌ಟ್ಯೂಬು ತುಂಬಿದರೆ ಅದರಲ್ಲಿ ನಾಲ್ಕೈದರಲ್ಲಿ ಮಾತ್ರ ಬೇಕಾದ ಪದಾರ್ಥ. ಅದನ್ನು ಎನ್.ಎಂ.ಆರ್. ಎಂಬ ದೊಡ್ಡ ಅಯಸ್ಕಾಂತದ ಯಂತ್ರದೊಳಗಿಟ್ಟು, ಯಾವ ಕೈ ಯಾವುದನ್ನು ಹಿಡಿದಿದೆ ಎಂದು ಗೆರೆಗಳಲ್ಲಿ ಓದಬೇಕು. ಇಷ್ಟಾದರೆ ಒಂದು ಮೆಟ್ಟಿಲು. ಅವಳು ಆಗ ಹಿಡಿದಿದ್ದದ್ದು ಹನ್ನೊಂದು ಮೆಟ್ಟಿಲಿನ ಕೆಲಸ.

ಒಂದು ರಾತ್ರಿ ಊಟದ ಮೇಲೆ, ಗೋಡೆಯ ಹಾಲಿನ ಲೆಕ್ಕದ ಕ್ಯಾಲೆಂಡರಿನ ಮೂಲೆಯಲ್ಲಿ ಅವಳು ಒಂದು ಲೆಕ್ಕ ಬರೆದು ತೋರಿಸಿದಳು. ಪ್ರತಿ ಮೆಟ್ಟಿಲಿನಲ್ಲೂ ನೂರಕ್ಕೆ 80 ಪಾಲು ದಕ್ಕುತ್ತದೆ ಎಂದುಕೊಳ್ಳಿ. ಕೇಳುವುದಕ್ಕೆ ಫಸ್ಟ್ ಕ್ಲಾಸ್ ಅಂಕ. 100 ಇದ್ದದ್ದು 80, 80 ಇದ್ದದ್ದು 64, ಆಮೇಲೆ 51, 41, 33, 26, 21, 17, 13... ಹತ್ತನೆಯ ಮೆಟ್ಟಿಲಿಗೆ ಬರುವಾಗ 11! ಪ್ರತಿ ಸಲ 90 ದಕ್ಕಿದರೂ ಕೊನೆಗೆ ಉಳಿಯುವುದು 35. ಎಣ್ಣೆಯನ್ನು ಡಬ್ಬದಿಂದ ಡಬ್ಬಕ್ಕೆ ಬಗ್ಗಿಸುತ್ತ ಹೋದವರಿಗೆ ಇದು ಅರ್ಥವಾಗುತ್ತದೆ. ನಾನಂತೂ ಆ ಅಂಕಿಗಳನ್ನು ಅಳಿಸಲಿಲ್ಲ.

ಅದೇ ತಿಂಗಳಲ್ಲಿ ಅವಳು ಮೂರು ವಾರ ಕಷ್ಟಪಟ್ಟು ಕೂಡಿಸಿದ ದ್ರವ ಆವಿ ಮಾಡುವಾಗ ಹಾಲು ಉಕ್ಕಿದ ಹಾಗೆ ಉಕ್ಕಿ ಯಂತ್ರದ ತುಂಬ ಹರಡಿತು. ತೊಳೆದು ಕೆರೆದು ಎಷ್ಟು ಸಿಕ್ಕಿತೋ ಅಷ್ಟನ್ನು ಮತ್ತೆ ಶುದ್ಧಮಾಡಲು ಕೂತಳಂತೆ. ಮನೆಗೆ ಬಂದು ಒಂದು ಮಾತೂ ಆಡದೆ ನನ್ನ ಜೊತೆ ಅವರೆಕಾಯಿ ಸುಲಿದಳು. ಎರಡು ಸೇರು ಸುಲಿದಳು.

ನಿಜವಾದ ಪ್ರಶ್ನೆ ಎದ್ದದ್ದು ಅವಳು ಬಸುರಿಯಾದಾಗ.

"ಆ ವಿಷ ಕುಡಿದುಕೊಂಡು ನಮ್ಮ ವಂಶದ ಕುಡೀನ ಹೊರೋದು ಬೇಡ. ಕೆಲಸ ಬಿಡಲಿ," ಎಂದು ನಮ್ಮತ್ತೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಅವರ ಆತಂಕ ಗೊಡ್ಡು ಎಂದು ನಾನು ಹೇಳಲಾರೆ. ಆ ದ್ರವಗಳಲ್ಲಿ ಹೊಟ್ಟೆಯ ಕೂಸಿಗೆ ಆಗದವು ಇವೆ ಎಂದು ಓರಗಿತ್ತಿಯೇ ಹೇಳಿದಳು. ಅದಕ್ಕೇ ಅವಳು ಡಾಕ್ಟರ ಚೀಟಿ ಕೈಗೆ ಬಂದ ಮರುದಿನವೇ ತನ್ನ ಮೇಲಿನವರಿಗೆ ತಿಳಿಸಿ ಫ್ಲಾಸ್ಕು ಬಿಟ್ಟು ಮೇಜಿನ ಕೆಲಸಕ್ಕೆ ಕೂತಿದ್ದಳು. ಹೆರಿಗೆಗೆ 26 ವಾರದ ಸಂಬಳಸಹಿತ ರಜೆ ಎಂದು 2017ರಲ್ಲಿ ಕಾನೂನೇ ಆಗಿದೆ. ಅಲ್ಲಿಯವರೆಗೆ ಸರಿ. "ಆಮೇಲೆ? ಮಗೂನ ಯಾರು ನೋಡ್ಕೋತಾರೆ?" ಎಂದು ಅತ್ತೆ ಕೇಳಿದರು. ಯಾರೂ ಉತ್ತರ ಹೇಳಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು.

ಓದುವ ಸೋದರಿಯರಿಗೆ ಈ ನೋಟ ಗೊತ್ತಿರುತ್ತದೆ. ನನ್ನ ದೊಡ್ಡವಳು ಪಿಯುಸಿ ಮುಗಿಸಿ ಕಾಲೇಜು ಸೇರಿದ್ದಳು, ಚಿಕ್ಕವನು ಹೈಸ್ಕೂಲಿನಲ್ಲಿದ್ದ. ಹದಿನೆಂಟು ವರ್ಷದ ಮೇಲೆ ನನಗೂ ಮಧ್ಯಾಹ್ನ ಎಂಬುದೊಂದು ಸಿಕ್ಕಿತ್ತು. ಎರಡು ಗಂಟೆಗೆ ಬಾಗಿಲು ಹಾಕಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂತರೆ ನಾಲ್ಕರವರೆಗೆ ನನ್ನನ್ನು ಕೇಳುವವರಿರಲಿಲ್ಲ. ಆ ಎರಡು ಗಂಟೆಯನ್ನು ಕೊಡಬೇಕೆಂದರೆ ಯಾತಕ್ಕೆ ಕೊಡುತ್ತಿದ್ದೇನೆ ಎಂದು ತಿಳಿಯುವ ಹಕ್ಕು ನನಗಿಲ್ಲವೆ?

ಅವಳನ್ನು ಒಬ್ಬಳೇ ಕೂರಿಸಿಕೊಂಡು ಕೇಳಿದೆ. "ನೀನು ಮಾಡ್ತಿರೋದು ಯಾವ ಕಾಯಿಲೆಗೆ ಔಷಧಿ?"

"ಗೊತ್ತಿಲ್ಲ ಅಕ್ಕ."

ನನಗೆ ರೇಗಿತು. ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಕೆಲಸ ಕೊಟ್ಟವರು ಬೇರೆ ದೇಶದ ಕಂಪನಿಯವರು. ಪದಾರ್ಥಕ್ಕೆ ಹೆಸರಿಲ್ಲ, ಒಂದು ನಂಬರು ಮಾತ್ರ. ಯಾತಕ್ಕೆಂದು ಹೇಳುವುದಿಲ್ಲ. ಹೀಗೆ ಮಾಡಿದ ಸಾವಿರಾರು ಪುಡಿಗಳಲ್ಲಿ ಬಹುಪಾಲು ಪರೀಕ್ಷೆಯಲ್ಲೇ ಬಿದ್ದುಹೋಗುತ್ತವೆ. ಯಾವುದೋ ಒಂದು ಮಾತ್ರೆಯಾಗಿ ಅಂಗಡಿಗೆ ಬಂದರೆ ಬಂತು. ಸುಳ್ಳು ಹೇಳಿ ನನ್ನನ್ನು ಒಪ್ಪಿಸಬಹುದಿತ್ತು, "ಕ್ಯಾನ್ಸರಿಗೆ" ಎಂದಿದ್ದರೆ ನಾನು ಕರಗಿಬಿಡುತ್ತಿದ್ದೆ. ಹೇಳಲಿಲ್ಲ. ಅದು ನನಗೆ ಹಿಡಿಸಿತು, ಆದರೂ ಅವತ್ತು ನಾನು ಹೂಂ ಎನ್ನಲಿಲ್ಲ.

ಎಂಟು ದಿನವಾಯಿತೋ ಏನೋ, ಊಟದ ಮೇಲೆ ಅವಳು ತನ್ನ ಮಾತ್ರೆ ನುಂಗುತ್ತಿದ್ದಳು. ಹಳದಿ ಬಣ್ಣದ ಪುಟ್ಟ ಮಾತ್ರೆ, ಫೋಲಿಕ್ ಆಸಿಡ್. ನನ್ನ ಎರಡು ಬಸಿರಿನಲ್ಲೂ ನಾನು ನುಂಗಿದ್ದೇ. "ಇದೂ ನಿಮ್ಮಂಥವರು ಮಾಡಿದ್ದೇ ಏನೆ?" ಎಂದೆ. ಅವಳು ಹೇಳಿದ ಕಥೆ ನಮ್ಮ ಹೆಂಗಸರೆಲ್ಲ ಕೇಳಬೇಕಾದದ್ದು.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿ ಬಟ್ಟೆಗಿರಣಿಯಲ್ಲಿ ದುಡಿಯುವ ಬಡ ಬಸುರಿಯರು ರಕ್ತಹೀನತೆಯಿಂದ ಸೊರಗಿ ಸಾಯುತ್ತಿದ್ದರು. ಆಕೆ ಅವರ ಊಟ-ತಿಂಡಿಯನ್ನೆಲ್ಲ ವಿಚಾರಿಸಿ, ಪರೀಕ್ಷೆಮಾಡಿ, ಕೊನೆಗೆ ಬ್ರೆಡ್ಡಿಗೆ ಸವರುವ ಮಾರ್ಮೈಟ್ ಎಂಬ ಯೀಸ್ಟಿನ ಸಾರ ಕೊಟ್ಟರೆ ರಕ್ತ ಏರುತ್ತದೆ ಎಂದು 1931ರಲ್ಲಿ ಪ್ರಕಟಿಸಿದರು. ಅದರೊಳಗೆ ಇರುವುದು ಏನು? ಆಕೆಗೆ ಗೊತ್ತಿರಲಿಲ್ಲ. ಹತ್ತು ವರ್ಷದ ಮೇಲೆ, 1941ರಲ್ಲಿ, ಅಮೆರಿಕದ ಟೆಕ್ಸಾಸಿನಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪು ಅರೆದು ಸೋಸಿ ಒಂದಿಷ್ಟೇ ಇಷ್ಟು ಸತ್ವ ತೆಗೆದರು. ಲ್ಯಾಟಿನ್ನಿನಲ್ಲಿ ಎಲೆಗೆ ಫೋಲಿಯಂ ಎನ್ನುತ್ತಾರಂತೆ, ಅದಕ್ಕೇ ಫೋಲಿಕ್ ಎಂದು ಹೆಸರು. ನಾಲ್ಕು ಟನ್! ನಮ್ಮ ಗಾಂಧಿಬಜಾರಿನ ಸೊಪ್ಪೆಲ್ಲ ಸೇರಿಸಿದರೂ ಆಗಲಿಕ್ಕಿಲ್ಲ. ಸೊಪ್ಪು ಅರೆದು ಊರಿಗೆಲ್ಲ ಮಾತ್ರೆ ಕೊಡುವುದು ಆಗುವ ಮಾತೆ? 1945ರಲ್ಲಿ ಲೆಡರ್ಲೆ ಎಂಬ ಕಂಪನಿಯ ಪ್ರಯೋಗಶಾಲೆಯಲ್ಲಿ ಅದನ್ನು ಸೊಪ್ಪಿನ ಹಂಗಿಲ್ಲದೆ ತುಂಡುಗಳಿಂದ ಜೋಡಿಸಿದರು. ಆ ಸಂಶೋಧನೆಯ ಮುಖ್ಯಸ್ಥರು ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇವತ್ತು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಮಾತ್ರೆ ಅದು.

ಇನ್ನೊಂದು ಮಾತು, ಇದನ್ನು ಮಗಳು-ಸೊಸೆಯರಿಗೆ ತಪ್ಪದೆ ಹೇಳಿ. ಕೂಸಿನ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ ಮೊದಲ 28 ದಿನದೊಳಗೆ, ಎಷ್ಟೋ ಸಲ ಬಸುರಿ ಎಂದು ತಾಯಿಗೇ ತಿಳಿಯುವ ಮೊದಲು. ಒಮ್ಮೆ ಅಂಥ ದೋಷದ ಮಗುವಾಗಿದ್ದ ತಾಯಂದಿರಿಗೆ ಮುಂಚಿನಿಂದಲೇ ಈ ಮಾತ್ರೆ ಕೊಟ್ಟಾಗ ಆ ದೋಷ ಮರಳುವುದು ನೂರಕ್ಕೆ 72ರಷ್ಟು ತಗ್ಗಿತು ಎಂದು 1991ರಲ್ಲಿ ಬ್ರಿಟನ್ನಿನ ಪರೀಕ್ಷೆಯಲ್ಲಿ ಸಿದ್ಧವಾಯಿತು. ಹಾಗಾಗಿ ಮಗು ಬೇಕೆಂದುಕೊಂಡಾಗಲೇ ಡಾಕ್ಟರನ್ನು ಕೇಳಿ ಶುರುಮಾಡಬೇಕು, ಮೂರು ತಿಂಗಳಾದ ಮೇಲಲ್ಲ.

ನಾನು ಬಹಳ ಹೊತ್ತು ಯೋಚಿಸಿದ್ದು ಮಾತ್ರ ಬೇರೆಯದನ್ನೇ. ಮುಂಬಯಿಯ ಆಕೆಗೆ ಅದು ಏನೆಂದು ಗೊತ್ತಿರಲಿಲ್ಲ. ಸೊಪ್ಪು ಅರೆದವರಿಗೆ ಅದು ಕೂಸಿನ ಬೆನ್ನುಹುರಿ ಕಾಯುತ್ತದೆಂದು ಗೊತ್ತಿರಲಿಲ್ಲ. ಸುಬ್ಬರಾವ್ ಅವರು 1948ರಲ್ಲೇ ತೀರಿಕೊಂಡರು, ಅವರಿಗೂ ಗೊತ್ತಾಗಲಿಲ್ಲ.

ಮರುದಿನ ಅತ್ತೆಗೆ ಹೇಳಿದೆ, "ಮಗೂನ ನಾನು ನೋಡ್ಕೋತೀನಿ. ಅವಳು ಕೆಲಸಕ್ಕೆ ಹೋಗಲಿ." ನನ್ನ ಕರಾರುಗಳನ್ನೂ ಹೇಳಿದೆ. ಭಾನುವಾರ ಎರಡು ಹೊತ್ತಿನ ಅಡುಗೆ ಮೈದುನ ಮತ್ತು ಅವಳದ್ದು. ಸಂಜೆ ತಲೆಗೆ ನೀರು ಹಾಕಿಕೊಳ್ಳದೆ ಮಗುವನ್ನು ಮುಟ್ಟಕೂಡದು. ಅತ್ತೆ ಮಡಿಯ ಲೆಕ್ಕದಲ್ಲಿ ಒಪ್ಪಿದರು, ಅವಳು ರಸಾಯನದ ಲೆಕ್ಕದಲ್ಲಿ ಒಪ್ಪಿದಳು. ತಿಂಗಳಿಗೊಂದು ಮೊತ್ತ ನನ್ನ ಹೆಸರಿಗೆ ಅಂಚೆ ಕಚೇರಿಯಲ್ಲಿ ಆರ್.ಡಿ. ಕಟ್ಟುತ್ತೇನೆಂದು ಅವಳೇ ಹೊರಟಳು. ಬೇಡ ಎಂದು ಎರಡು ಸಲ ಹೇಳಿದೆ; ಮೂರನೆಯ ಸಲ ಹೇಳಲಿಲ್ಲ.

ಬಸುರಿಯಲ್ಲಿ ಅವಳು ಮಾಡಿದ ಮೇಜಿನ ಕೆಲಸವೂ ಸುಮ್ಮನೆ ಕೂರುವುದಲ್ಲ. ಮದುವೆಮನೆಯಲ್ಲಿ ಹೋಳಿಗೆ ಬಾಯಿಗಿಟ್ಟು "ಇದಕ್ಕೆ ಏನೇನು ಹಾಕಿದ್ದಾರೆ, ಯಾವುದನ್ನು ಮೊದಲು ಹಾಕಿದ್ದಾರೆ" ಎಂದು ಹಿಂದಕ್ಕೆ ಹಿಂದಕ್ಕೆ ಯೋಚಿಸುತ್ತೇವಲ್ಲ, ಹಾಗೆ ಬೇಕಾದ ಪದಾರ್ಥವನ್ನು ಕಾಗದದ ಮೇಲೆ ಬಿಚ್ಚುತ್ತ, ಅಂಗಡಿಯಲ್ಲಿ ಸಿಗುವ ತುಂಡುಗಳವರೆಗೆ ಬರಬೇಕು. ಈ ವಿದ್ಯೆಗೆ ಕ್ರಮ ಹಾಕಿಕೊಟ್ಟ ಕೋರಿ ಎಂಬ ಅಮೆರಿಕದ ಪ್ರೊಫೆಸರಿಗೆ 1990ರಲ್ಲಿ ನೊಬೆಲ್ ಬಂತು. ಅವಳು ಸಂಜೆ ಹಾಲಿನಲ್ಲಿ ಕಾಲು ಚಾಚಿ ಕೂತು ಷಟ್ಕೋಣಗಳನ್ನು ಬರೆಯುತ್ತಿದ್ದರೆ, ಅತ್ತೆ "ರಂಗೋಲಿ ಚೆನ್ನಾಗಿದೆ, ಚುಕ್ಕಿ ಎಲ್ಲಿ?" ಎನ್ನುತ್ತಿದ್ದರು.

ಆಗಲೇ ಅವಳು ಎಡಗೈ-ಬಲಗೈ ಸಂಗತಿ ಹೇಳಿದ್ದು. ಎರಡು ಕೈಯಲ್ಲೂ ಐದೇ ಬೆರಳು, ಆದರೂ ಎಡಗಾಲಿನ ಚಪ್ಪಲಿ ಬಲಗಾಲಿಗೆ ಕೂರುವುದಿಲ್ಲ. ಪದಾರ್ಥಗಳೂ ಹಾಗೇ. ಕಾರ್ವೋನ್ ಎಂಬುದಿದೆ, ಅದರ ಒಂದು ಕೈ ಪುದೀನದ ಒಂದು ಜಾತಿಯ ಪರಿಮಳ, ಇನ್ನೊಂದು ಕೈ ಸಬ್ಬಸಿಗೆ ಬೀಜದ್ದು. ಅಷ್ಟರಲ್ಲೇ ನಮ್ಮ ಮೂಗಿಗೆ ವ್ಯತ್ಯಾಸ ತಿಳಿಯುವುದಾದರೆ ಹೊಟ್ಟೆಯೊಳಗಿನ ಕೂಸಿಗೆ ತಿಳಿಯದೆ? ಥ್ಯಾಲಿಡೊಮೈಡ್ ಎಂಬ ಔಷಧಿ 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು. ನಿದ್ದೆಗೆಂದು ಬಂದದ್ದನ್ನು ಬಸುರಿಯರ ವಾಕರಿಕೆಗೂ ಕೊಟ್ಟರು. 1961ರ ಕೊನೆಗೆ ಹಿಂತೆಗೆಯುವಷ್ಟರಲ್ಲಿ ಅದರಿಂದ ಕೈಕಾಲು ಊನವಾಗಿ ಹುಟ್ಟಿದ ಮಕ್ಕಳು 10,000ಕ್ಕೂ ಹೆಚ್ಚು. ಅದಕ್ಕೂ ಎರಡು ಕೈ. ಒಳ್ಳೆಯ ಕೈಯನ್ನೇ ಆರಿಸಿ ಕೊಟ್ಟರೂ ಶರೀರದೊಳಗೆ ಅದು ಇನ್ನೊಂದಾಗಿ ತಿರುಗಿಬಿಡುತ್ತದಂತೆ. ಅಮೆರಿಕದ ಔಷಧ ಇಲಾಖೆಯಲ್ಲಿದ್ದ ಫ್ರಾನ್ಸಿಸ್ ಕೆಲ್ಸಿ ಎಂಬಾಕೆ, ಕಂಪನಿಯವರು ಎಷ್ಟು ಒತ್ತಾಯ ಮಾಡಿದರೂ, ಪುರಾವೆ ಸಾಲದು ಎಂದು ಸಹಿ ಹಾಕಲೇ ಇಲ್ಲ. ಆ ಒಂದು ಹಟದಿಂದ ಎಷ್ಟು ಮನೆ ಉಳಿದವೋ. ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಸುರಿಯ ಬಾಯಲ್ಲಿ ಇಂಥ ಕಥೆ ಕೇಳಬಾರದು, ಆದರೆ ಹೇಳಿದವಳಿಗೇ ಅಂಜಿಕೆ ಇರಲಿಲ್ಲ.

ದರ್ಶನ್ ರಂಗನಾಥನ್ ಎಂಬವರ ಹೆಸರನ್ನೂ ನಾನು ಅವಳಿಂದಲೇ ಕೇಳಿದ್ದು. ಇದೇ ವಿದ್ಯೆಯಲ್ಲಿ ದೇಶದಲ್ಲೇ ಹೆಸರಾದವರು. ಕಾನ್ಪುರದ ಐ.ಐ.ಟಿ.ಯಲ್ಲಿ ಅವರ ಗಂಡ ಪ್ರೊಫೆಸರು. ಗಂಡ-ಹೆಂಡತಿ ಇಬ್ಬರಿಗೂ ಅಧ್ಯಾಪಕ ಹುದ್ದೆ ಇಲ್ಲ ಎಂಬ ಬರೆಯದ ಕಟ್ಟಳೆ ಇತ್ತಂತೆ, ಹಾಗಾಗಿ ಈಕೆ ವರ್ಷ ವರ್ಷವೂ ಫೆಲೋಶಿಪ್ಪಿನಲ್ಲೇ ದುಡಿದರು. ಶರೀರದೊಳಗೆ ನಡೆಯುವ ಕ್ರಿಯೆಗಳನ್ನು ಫ್ಲಾಸ್ಕಿನಲ್ಲಿ ನಡೆಸಿ ತೋರಿಸಿದರು. ಆಮೇಲೆ ತಿರುವನಂತಪುರ, ಹೈದರಾಬಾದುಗಳಲ್ಲಿ ಕೆಲಸ. 2001ರ ಜೂನ್ 4ರಂದು, ಅರವತ್ತು ತುಂಬಿದ ದಿನವೇ, ಕ್ಯಾನ್ಸರಿನಿಂದ ತೀರಿಕೊಂಡರು. "ನನಗೆ ಹುದ್ದೇನೂ ಇದೆ, ನೀವೂ ಇದ್ದೀರಿ ಅಕ್ಕ," ಎಂದಳು ಓರಗಿತ್ತಿ. ಕಣ್ಣು ತುಂಬಿಕೊಳ್ಳುವ ಜಾತಿ ನನ್ನದಲ್ಲ. ಎದ್ದು ಹೋಗಿ ಮೊಸರಿಗೆ ಹೆಪ್ಪು ಹಾಕಿದೆ.

ಮಗು ಹೆಣ್ಣು. ಹತ್ತು ತಿಂಗಳಾದಾಗ, ಹಾಲು ಬಿಟ್ಟ ಮೇಲೆ, ಅವಳು ಮತ್ತೆ ಫ್ಲಾಸ್ಕಿನ ಮುಂದೆ ನಿಂತಳು. ಅಲ್ಲಿಯವರೆಗೂ ಮೇಜಿನ ಕೆಲಸವೇ. ಈ ಸಲ ಬಟ್ಟೆಯ ವಿಚಾರದಲ್ಲಿ ಅತ್ತೆಗೂ ಅವಳಿಗೂ ಸ್ವಲ್ಪ ಹತ್ತಿತು. ನಾಮಕರಣಕ್ಕೆ ಬಂದ ಸಿಂಥೆಟಿಕ್ ಚೂಡಿದಾರಗಳನ್ನು ಅವಳು ಕಪಾಟಿನಲ್ಲೇ ಬಿಟ್ಟು ಹಳೆಯ ಹತ್ತಿಯವನ್ನೇ ಉಟ್ಟು ಹೋಗುವುದು ಅವರಿಗೆ ಅವಮಾನ ಎನಿಸಿತು. 2008ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ 23 ವರ್ಷದ ಹುಡುಗಿಯೊಬ್ಬಳು ಗಾಳಿ ಸೋಕಿದರೆ ಹೊತ್ತಿಕೊಳ್ಳುವ ದ್ರವವನ್ನು ಸಿರಿಂಜಿನಲ್ಲಿ ಎಳೆಯುವಾಗ ಅದು ಚೆಲ್ಲಿ, ತೊಟ್ಟಿದ್ದ ಸಿಂಥೆಟಿಕ್ ಸ್ವೆಟರಿಗೆ ಬೆಂಕಿ ಹಿಡಿಯಿತು. ಮೇಲೆ ಲ್ಯಾಬಿನ ಕೋಟು ಇರಲಿಲ್ಲ. 18 ದಿನ ನರಳಿ ಹೋದಳು. ಈ ಘಟನೆ ಹೇಳಿದ ಮೇಲೆ ಅತ್ತೆ ಮಾತಾಡಲಿಲ್ಲ. ನೈಲಾನ್ ಸೀರೆ ಉಟ್ಟು ಸೀಮೆಎಣ್ಣೆ ಸ್ಟೌ ಮುಂದೆ ನಿಂತ ಕಾಲ ಅವರಿಗೆ ನೆನಪಿದೆ. ಮುಂದಿನ ವಾರ ತಾವೇ ಹೋಗಿ ಖಾದಿ ಭಂಡಾರದಿಂದ ಎರಡು ಹತ್ತಿ ಬಟ್ಟೆ ತಂದುಕೊಟ್ಟರು.

ನನ್ನ ಮಧ್ಯಾಹ್ನ? ಹೋಯಿತು. ಈಗ ಎರಡು ಗಂಟೆಗೆ ಹೊಲಿಗೆ ಯಂತ್ರದ ಪೆಡಲಿನ ಮೇಲೆ ಒಂದು ಪುಟ್ಟ ಕಾಲು ಇರುತ್ತದೆ. ಕೆಲವು ದಿನ ಸಂಕಟವೂ ಆಗುತ್ತದೆ. ಓರಗಿತ್ತಿ ಬಸ್ಸು ತಪ್ಪಿ ಒಂಬತ್ತಕ್ಕೆ ಬಂದ ದಿನ ನಾನು ಬಾಗಿಲಲ್ಲೇ ಎರಡು ಮಾತು ಅನ್ನುತ್ತೇನೆ, ಅವಳೂ ಒಂದು ಅನ್ನುತ್ತಾಳೆ.

ಆ ನಂಬರಿನ ಪುಡಿ ಮಾತ್ರ ನಡೆಯುತ್ತಲೇ ಇದೆ. ಅವಳು ರಜೆಯಲ್ಲಿದ್ದಾಗ ಬೇರೆಯವರು ಹಿಡಿದು ಏಳನೆಯ ಮೆಟ್ಟಿಲಿನಲ್ಲಿ ನಿಲ್ಲಿಸಿದ್ದರು. ಹೋದ ಬುಧವಾರ ಬಸ್ಸಿನಿಂದಲೇ ಫೋನು ಮಾಡಿದಳು. "ಅಕ್ಕ, ಎಂಟನೇದು ಆಯ್ತು. ಎಪ್ಪತ್ತೊಂದು ಪರ್ಸೆಂಟು." ನಾನು ಮಗುವನ್ನು ಸೊಂಟದ ಮೇಲಿಟ್ಟುಕೊಂಡು, ಹಾಲಿನ ಕ್ಯಾಲೆಂಡರಿನಲ್ಲಿ ಬುಧವಾರದ ಮನೆಯೊಳಗೆ, ಅರ್ಧ ಲೀಟರಿನ ಗುರುತಿನ ಪಕ್ಕದಲ್ಲಿ 71 ಎಂದು ಬರೆದೆ. ಇನ್ನು ಮೂರಿದೆ.